ಮಾತಿಲ್ಲದೆ ಕಲಿಸಿದ ಆಟಗಳು: ನನ್ನ ಸಾರ್ವಕಾಲಿಕ ಮೆಚ್ಚಿನ ವಿಡಿಯೋ ಗೇಮ್‌ಗಳು

ವಿಡಿಯೋ ಗೇಮ್ ಆಡುವ ನಾಲ್ಕು ಮಂದಿ ಒಂದೆಡೆ ಕೂಡಿದರೆ ಸಾರ್ವಕಾಲಿಕ ಶ್ರೇಷ್ಠ ಆಟ ಯಾವುದೆಂಬ ಚರ್ಚೆ ಏಳದೇ ಇರುವುದಿಲ್ಲ. ಅಂಥ ಚರ್ಚೆಗಳಲ್ಲಿ ಚಿತ್ರಗಳ ಸೊಬಗು, ಕಥೆಯ ಹರವು, ಆಟದ ಅವಧಿ ಇವುಗಳ ಲೆಕ್ಕವೇ ಮುಂದೆ ಬರುತ್ತದೆ. ನನ್ನ ಅಳತೆಗೋಲು ಬೇರೆ. ಕೊಪ್ಪಳದ ಕನ್ನಡ ಮಾಧ್ಯಮದ ಶಾಲೆಯಲ್ಲಿ ನಾನು ಓದುತ್ತಿದ್ದಾಗ ಕೈಗೆ ಬಂದ ಆಟಗಳೆಲ್ಲ ಇಂಗ್ಲಿಷಿನವು. ಪರದೆಯ ಮೇಲೆ ಮೂಡುವ ಸಾಲುಗಳನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟು ಇಂಗ್ಲಿಷ್ ನಮ್ಮ ಓರಗೆಯ ಹುಡುಗರಲ್ಲಿ ಯಾರಿಗೂ ಬರುತ್ತಿರಲಿಲ್ಲ. ಆಟ ತನ್ನ ನಿಯಮವನ್ನು ತಾನೇ ಮಾಡಿ ತೋರಿಸಬೇಕಿತ್ತು, ಇಲ್ಲವಾದರೆ ಅದು ನಮಗೆ ದಕ್ಕುತ್ತಿರಲಿಲ್ಲ. ಹೀಗೆ ಅನಿವಾರ್ಯದಿಂದ ಬೆಳೆದ ರುಚಿ ಇಂಗ್ಲಿಷ್ ಸಲೀಸಾದ ಮೇಲೂ ಬದಲಾಗಲಿಲ್ಲ. ಆಟಗಾರನಿಗೆ ಒಂದು ಸಾಲನ್ನೂ ಓದಿಸದೆ, ಬರೀ ನೋಟದಿಂದಲೂ ಸೋಲಿನಿಂದಲೂ ಪಾಠ ಹೇಳಬಲ್ಲ ಆಟವೇ ನನ್ನ ಮಟ್ಟಿಗೆ ದೊಡ್ಡ ಆಟ.

ಈ ದೃಷ್ಟಿಯಿಂದ ಮೊದಲು ಹೇಳಬೇಕಾದದ್ದು ಟೆಟ್ರಿಸ್. ಗವಿಮಠದ ಜಾತ್ರೆಯ ಆಟಿಕೆ ಅಂಗಡಿಗಳಲ್ಲಿ ಸಿಗುತ್ತಿದ್ದ, ಅಂಗೈಯಲ್ಲಿ ಹಿಡಿಯುವ ಬ್ರಿಕ್ ಗೇಮ್ ಎಷ್ಟೋ ಮಂದಿಗೆ ಮೊದಲ ವಿಡಿಯೋ ಗೇಮ್ ಆಗಿತ್ತು. ಅದರೊಳಗಿದ್ದ ಮುಖ್ಯ ಆಟ ಟೆಟ್ರಿಸ್ಸೇ ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಅಲೆಕ್ಸಿ ಪಜಿತ್ನೋವ್ ಅವರು 1984ರಲ್ಲಿ ಮಾಸ್ಕೋದಲ್ಲಿ ಇದನ್ನು ರಚಿಸಿದಾಗ ಅವರ ಬಳಿಯಿದ್ದ ಎಲೆಕ್ಟ್ರೋನಿಕಾ 60 ಯಂತ್ರಕ್ಕೆ ಚಿತ್ರ ಬಿಡಿಸುವ ಸಾಮರ್ಥ್ಯವೇ ಇರಲಿಲ್ಲ. ಕೀಲಿಮಣೆಯ ಆವರಣ ಚಿಹ್ನೆಗಳನ್ನು ಜೋಡಿಸಿಯೇ ಇಟ್ಟಿಗೆಗಳನ್ನು ಮೂಡಿಸಿದ್ದರು. ಮೇಲಿನಿಂದ ಬೀಳುವ ಏಳೇ ಆಕಾರಗಳು, ಒಂದೇ ನಿಯಮ. ಸಾಲು ತುಂಬಿದರೆ ಮಾಯವಾಗುತ್ತದೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ, ಮೊದಲ ಸಾಲು ತುಂಬಿದ ಗಳಿಗೆಯಲ್ಲೇ ಆಡುವವನಿಗೆ ಗೊತ್ತಾಗುತ್ತದೆ. 2023ರ ಡಿಸೆಂಬರಿನಲ್ಲಿ ಅಮೆರಿಕದ 13 ವರ್ಷದ ಬಾಲಕನೊಬ್ಬ ಇದರ ನಿಂಟೆಂಡೊ ಕಂಪನಿಯ ಯಂತ್ರದ ಆವೃತ್ತಿಯನ್ನು 157ನೆಯ ಹಂತದವರೆಗೆ ಆಡಿ, ಕೊನೆಗೆ ಆಟವೇ ಸ್ತಬ್ಧವಾಗುವಂತೆ ಮಾಡಿದ ಸುದ್ದಿ ಓದಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆದರೆ ಕಲಿಸುವ ಕಲೆಯ ನಿಜವಾದ ಪಾಂಡಿತ್ಯ ಕಾಣಬೇಕಾದರೆ ಸೂಪರ್ ಮಾರಿಯೋ ಬ್ರದರ್ಸ್‌ನ ಮೊದಲ ಹಂತವನ್ನೇ ನೋಡಬೇಕು. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಅವರು ರೂಪಿಸಿದ ಈ ಆಟ 1985ರಲ್ಲಿ ಜಪಾನಿನಲ್ಲಿ ಹೊರಬಂತು. ನಮ್ಮ ಕಡೆಗೆ ಬಂದದ್ದು ವರ್ಷಗಳ ನಂತರ, ಟಿವಿಗೆ ಜೋಡಿಸುವ ಅಗ್ಗದ ನಕಲಿ ಯಂತ್ರಗಳ ಹಳದಿ ಕ್ಯಾಸೆಟ್‌ಗಳಲ್ಲಿ. ಆಟ ಶುರುವಾದಾಗ ಮಾರಿಯೋ ಪರದೆಯ ಎಡತುದಿಯಲ್ಲಿ ನಿಂತಿರುತ್ತಾನೆ, ಬಲಗಡೆ ಪೂರ್ತಿ ಖಾಲಿ ಜಾಗ. ಹೋಗಬೇಕಾದ ದಿಕ್ಕು ಯಾವುದೆಂದು ಅಷ್ಟರಿಂದಲೇ ತಿಳಿಯುತ್ತದೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅಣಬೆಯಂಥ ಮೋರೆಯ ಶತ್ರು ಎದುರು ಬರುತ್ತದೆ. ಸುಮ್ಮನೆ ನಿಂತರೆ ಸಾವು, ಹಾರಿದರೆ ಒಂದೋ ಅದರ ತಲೆಯ ಮೇಲೆ ಬೀಳುತ್ತೇವೆ, ಇಲ್ಲವೇ ಮೇಲಿರುವ ಪ್ರಶ್ನೆ ಗುರುತಿನ ಇಟ್ಟಿಗೆಗೆ ತಲೆ ತಾಗಿ ನಾಣ್ಯ ಉದುರುತ್ತದೆ. ಮುಂದಿನ ಇಟ್ಟಿಗೆಯಿಂದ ಹೊರಬರುವ ಅಣಬೆ ಬಲಕ್ಕೆ ಜಾರಿ, ಹಸಿರು ಕೊಳವೆಗೆ ಬಡಿದು, ನಮ್ಮ ಕಡೆಗೇ ಮರಳಿ ಬರುತ್ತದೆ. ಅದನ್ನು ಶತ್ರುವೆಂದು ಹೆದರಿ ತಪ್ಪಿಸಿಕೊಳ್ಳಲು ಹೋದರೂ ತಲೆಯ ಮೇಲಿನ ಇಟ್ಟಿಗೆಸಾಲು ಎತ್ತರಕ್ಕೆ ಹಾರಗೊಡುವುದಿಲ್ಲ, ಆದ್ದರಿಂದ ಅದು ಹೆಚ್ಚುಕಡಿಮೆ ಬಂದು ತಾಗಿಯೇ ತಾಗುತ್ತದೆ. ಮಾರಿಯೋ ದೊಡ್ಡವನಾದಾಗ ಇದು ಒಳ್ಳೆಯದೆಂದು ಗೊತ್ತಾಗುತ್ತದೆ.

ಅದೇ ಹಂತದ ಕೊನೆಯ ಭಾಗ ನನಗೆ ಇನ್ನೂ ಹೆಚ್ಚು ಇಷ್ಟ. ಅಲ್ಲಿ ಎದುರುಬದುರಾಗಿ ನಿಂತ ಎರಡು ಮೆಟ್ಟಿಲುಸಾಲುಗಳಿವೆ, ನಡುವೆ ಗಟ್ಟಿ ನೆಲ. ಒಂದರಿಂದ ಇನ್ನೊಂದಕ್ಕೆ ಹಾರುವಾಗ ತಪ್ಪಿ ಬಿದ್ದರೂ ಏನೂ ಆಗುವುದಿಲ್ಲ. ತುಸು ಮುಂದೆ ಅಂಥದ್ದೇ ಇನ್ನೊಂದು ಜೋಡಿಯಿದೆ, ಆದರೆ ಈ ಸಲ ನಡುವೆ ಪ್ರಪಾತ. ಮೊದಲು ಅಭಯ ಕೊಟ್ಟು ಅಭ್ಯಾಸ ಮಾಡಿಸಿ, ಆಮೇಲಷ್ಟೇ ಪರೀಕ್ಷೆಗೆ ಕೂರಿಸುವ ಈ ಕ್ರಮ ಒಳ್ಳೆಯ ಮೇಷ್ಟರ ಕ್ರಮ. ಇಡೀ ಆಟದ ಗಾತ್ರ 40 ಕಿಲೋಬೈಟ್. ಜಾಗ ಉಳಿಸಲೆಂದು ಆಕಾಶದ ಮೋಡ ಮತ್ತು ನೆಲದ ಪೊದೆ ಎರಡಕ್ಕೂ ಒಂದೇ ಆಕೃತಿಯನ್ನು ಬಳಸಿ ಬಣ್ಣವನ್ನಷ್ಟೇ ಬದಲಿಸಿದ್ದಾರೆ. ಗೊತ್ತಾದ ಮೇಲೆ ನೋಡಿದರೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ, ಗೊತ್ತಿಲ್ಲದವರಿಗೆ ಹೊಳೆಯುವುದೇ ಇಲ್ಲ.

ಅದೇ ಕ್ಯಾಸೆಟ್‌ನಲ್ಲಿದ್ದ ಕಾಂಟ್ರಾ ಆಟವನ್ನು ಇಬ್ಬರು ಜೊತೆಯಾಗಿ ಆಡುವ ಸುಖಕ್ಕಾಗಿ ನೆನೆಯುತ್ತೇನೆ; ಅದಕ್ಕಿಂತ ಹೆಚ್ಚಿನದೇನೂ ಅದರಲ್ಲಿ ನನಗೆ ಕಂಡಿಲ್ಲ.

ನನ್ನ ಬದುಕಿನ ಅತ್ಯಂತ ಪ್ರೀತಿಯ ಆಟವೊಂದನ್ನೇ ಹೆಸರಿಸಬೇಕೆಂದರೆ ಅದು ಪ್ರಿನ್ಸ್ ಆಫ್ ಪರ್ಷಿಯಾ. ಜೋರ್ಡನ್ ಮೆಕ್ನರ್ ಎಂಬ ಅಮೆರಿಕದ ತರುಣ ಬಹುಮಟ್ಟಿಗೆ ಒಬ್ಬನೇ ಕುಳಿತು ಆಪಲ್ 2 ಗಣಕಕ್ಕಾಗಿ ಬರೆದು 1989ರಲ್ಲಿ ಹೊರತಂದ ಆಟ ಅದು. ರಾಜಕುಮಾರನ ಓಟ, ಜಿಗಿತ, ಗೋಡೆಯ ಅಂಚು ಹಿಡಿದು ಜೋತಾಡುವ ಭಂಗಿ ಎಲ್ಲವೂ ನಿಜವಾದ ಮನುಷ್ಯನ ಚಲನೆಯಂತೆ ಕಾಣಲು ಕಾರಣವಿದೆ: ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಅದರ ಒಂದೊಂದೇ ಚಿತ್ರವನ್ನು ಗಣಕಕ್ಕೆ ಇಳಿಸಿದ್ದ. ಶಿಫ್ಟ್ ಕೀಲಿ ಒತ್ತಿ ಅಂಚಿನವರೆಗೆ ಮೆಲ್ಲಗೆ ಹೆಜ್ಜೆಯಿಟ್ಟು, ಬಾಯಿ ತೆರೆದು ಮುಚ್ಚುವ ಉಕ್ಕಿನ ಹಲ್ಲುಗಳ ಗತಿ ನೋಡಿಕೊಂಡು ದಾಟುವಾಗ ಈಗಲೂ ನಾನು ಉಸಿರು ಬಿಗಿಹಿಡಿಯುತ್ತೇನೆ. ಇಡೀ ಆಟ ಮುಗಿಸಲು ಇರುವುದು 60 ನಿಮಿಷ. ಎಷ್ಟು ಸಲ ಸತ್ತರೂ ಜೀವ ಮರಳಿ ಬರುತ್ತದೆ, ಹೋದ ಸಮಯ ಮಾತ್ರ ಬರುವುದಿಲ್ಲ.

ಈ ಆಟದ ನೆರಳಿನ ಮನುಷ್ಯನ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಹೊಸ ಪಾತ್ರದ ಚಿತ್ರಗಳನ್ನು ತುಂಬಲು ಗಣಕದ ಸ್ಮೃತಿಯಲ್ಲಿ ಜಾಗವಿರಲಿಲ್ಲವಾದ್ದರಿಂದ, ರಾಜಕುಮಾರನ ಚಿತ್ರಗಳನ್ನೇ ತುಸು ಮಾರ್ಪಡಿಸಿ ಮಿನುಗುವ ನೆರಳೊಂದನ್ನು ಸೃಷ್ಟಿಸಲಾಯಿತು. ನಾಲ್ಕನೆಯ ಹಂತದಲ್ಲಿ ದಾರಿಗಡ್ಡವಾಗಿ ಒಂದು ಕನ್ನಡಿ ನಿಂತಿರುತ್ತದೆ. ಓಡಿಬಂದು ಅದರೊಳಗೇ ಜಿಗಿದು ಪಾರಾಗಬೇಕು. ಆಗ ಆಚೆ ಬದಿಯಿಂದ ನಮ್ಮದೇ ನೆರಳು ಕಳಚಿಕೊಂಡು ಹೋಗುತ್ತದೆ. ಮುಂದಿನ ಹಂತದಲ್ಲಿ ಅದು ನಮಗೆ ಸಿಗಬೇಕಾದ ಮದ್ದನ್ನು ಕುಡಿದುಬಿಡುತ್ತದೆ, ಅದರ ಮುಂದಿನದರಲ್ಲಿ ಬಾಗಿಲು ಮುಚ್ಚಿ ನಮ್ಮನ್ನು ಕೆಳಗೆ ಬೀಳಿಸುತ್ತದೆ. ಹನ್ನೆರಡನೆಯ ಹಂತದಲ್ಲಿ ಕೊನೆಗೂ ಕತ್ತಿ ಹಿರಿದು ಎದುರಾದಾಗ, ಅಷ್ಟು ದಿನದ ಸಿಟ್ಟೆಲ್ಲ ತೀರಿಸಿಕೊಳ್ಳಲು ಹೊಡೆದರೆ, ಅದಕ್ಕೆ ಬಿದ್ದ ಪ್ರತಿ ಏಟೂ ನಮ್ಮ ಆಯುಷ್ಯದಿಂದಲೇ ಕಳೆಯುತ್ತದೆ. ಅದನ್ನು ಕೊಂದರೆ ನಾವೂ ಸಾಯುತ್ತೇವೆ. ದಾರಿ ಒಂದೇ: ಕತ್ತಿಯನ್ನು ಒರೆಗೆ ಸೇರಿಸಿ ಅದರತ್ತ ನಡೆಯುವುದು. ಆಗ ಎರಡೂ ಒಂದಾಗುತ್ತವೆ. ಮುಂದೆ ಬರಿಯ ಶೂನ್ಯವೆಂದು ಕಂಡ ಕಡೆ ಕಾಲಿಟ್ಟಂತೆಲ್ಲ ನೆಲ ಮೂಡುತ್ತದೆ. ಈ ಇಡೀ ಪ್ರಸಂಗದಲ್ಲಿ ಒಂದು ಪದವೂ ಇಲ್ಲ. ಅಲ್ಲಮನ ನಾಡಿನಲ್ಲಿ ಹುಟ್ಟಿದ ನಮಗೆ ಇಂಥ ಬೆಡಗು ಅಪರಿಚಿತವೇನಲ್ಲ. ಆದರೂ ಬೆರಳುಗಳ ಮೂಲಕ ಅದು ಒಳಗಿಳಿದ ರೀತಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಬಸ್ ನಿಲ್ದಾಣದ ಸಮೀಪ ಬ್ರೌಸಿಂಗ್ ಸೆಂಟರುಗಳು ತೆರೆದ ಕಾಲಕ್ಕೆ ಎಲ್ಲರ ಪರದೆಯ ಮೇಲೂ 2002ರ ಜಿಟಿಎ ವೈಸ್ ಸಿಟಿ ಓಡುತ್ತಿತ್ತು. ಅದು ನನ್ನ ಪಟ್ಟಿಯಲ್ಲಿಲ್ಲ. ಚೀಟ್ ಕೋಡ್ ಎಂಬ ಗುಟ್ಟಿನ ಅಕ್ಷರಗಳನ್ನು ಒತ್ತಿ ಟ್ಯಾಂಕ್ ಇಳಿಸಿಕೊಂಡು ಊರು ಸುತ್ತುವುದರಲ್ಲಿ ಮಜಾ ಇತ್ತು, ಆದರೆ ಆಟ ನಮಗೆ ಏನನ್ನೂ ಕಲಿಸುತ್ತಿರಲಿಲ್ಲ. ನಾನು ಹೋಗಿ ಕೂರುತ್ತಿದ್ದದ್ದು ಏಜ್ ಆಫ್ ಎಂಪೈರ್ಸ್ 2 ಇದ್ದ ಮೂಲೆಯ ಗಣಕದ ಮುಂದೆ. ಎನ್ಸೆಂಬಲ್ ಸ್ಟುಡಿಯೋಸ್ 1999ರಲ್ಲಿ ತಂದ ಈ ಆಟದಲ್ಲಿ ಹಳ್ಳಿಗರು ಕುರಿ ಕಡಿದು, ಮರ ಕಡಿದು, ಹೊಲ ಹೂಡಿ ಸಾಮ್ರಾಜ್ಯ ಕಟ್ಟುತ್ತಾರೆ. ಜಪಾನಿ ಸೈನಿಕ ಜಪಾನಿಯಲ್ಲಿ, ಫ್ರಾಂಕ್ ಸೈನಿಕ ಹಳೆಯ ಫ್ರೆಂಚಿನಲ್ಲಿ ಓಗೊಡುತ್ತಾನೆ. ಅವರ ಮಾತು ಯಾರಿಗೂ ತಿಳಿಯಬೇಕಿಲ್ಲವಾದ್ದರಿಂದ ಅಲ್ಲಿ ನಾವು ಮತ್ತು ಇಂಗ್ಲಿಷ್ ಬಲ್ಲವರು ಸಮಾನರಾಗಿದ್ದೆವು. ಕಾಡುಹಂದಿಗೆ ಒಬ್ಬ ಹಳ್ಳಿಗನಿಂದ ಬಾಣ ಹೊಡೆಸಿ, ಅದು ಬೆನ್ನಟ್ಟಿ ಬರುವಂತೆ ಮಾಡಿ, ಊರ ನಡುವಿನ ಟೌನ್ ಸೆಂಟರ್‌ವರೆಗೆ ಎಳೆತಂದು ಅಲ್ಲಿ ಎಲ್ಲರೂ ಕೂಡಿ ಕೆಡವುವ ಉಪಾಯವನ್ನು ಹುಡುಗರು ಒಬ್ಬರನ್ನೊಬ್ಬರು ನೋಡಿಯೇ ಕಲಿತರು. 2019ರಲ್ಲಿ ಹೊಸ ರೂಪದಲ್ಲಿ ಬಂದ ಈ ಆಟಕ್ಕೆ 2022ರ ಏಪ್ರಿಲ್‌ನಲ್ಲಿ ಭಾರತದ ರಾಜವಂಶಗಳ ಕುರಿತ ವಿಸ್ತರಣೆ ಸೇರಿತು. ದ್ರಾವಿಡರು, ಬಂಗಾಳಿಗಳು, ಗುರ್ಜರರು ಅದರಲ್ಲಿ ಬಂದರು. ಬಾಬರ್, ರಾಜೇಂದ್ರ ಚೋಳ, ದೇವಪಾಲ ಈ ಮೂವರ ದಂಡಯಾತ್ರೆಗಳೂ ಬಂದವು. ಹಂಪಿಯನ್ನು ಅಂಗಳದಲ್ಲಿಟ್ಟುಕೊಂಡು ಬೆಳೆದ ನನಗೆ ಆ ಮೂವರ ಸಾಲಿನಲ್ಲಿ ವಿಜಯನಗರದ ಅರಸನೊಬ್ಬ ಇರಬೇಕಿತ್ತು ಎಂಬ ಆಸೆ ಇದ್ದೇ ಇದೆ.

ದುಡಿಯಲು ಆರಂಭಿಸಿದ ಮೇಲೆ ಪ್ಲೇಸ್ಟೇಷನ್ ಕೊಂಡೆ, ಅದರಲ್ಲಿ ಶ್ಯಾಡೋ ಆಫ್ ದ ಕೊಲಾಸಸ್ ಸಿಕ್ಕಿತು. ಫುಮಿತೊ ಉಎದಾ ಅವರ ನಿರ್ದೇಶನದಲ್ಲಿ 2005ರಲ್ಲಿ ಬಂದ ಮೂಲ ಆಟವಲ್ಲ, 2018ರಲ್ಲಿ ಹೊಸದಾಗಿ ಕಟ್ಟಿದ ಆವೃತ್ತಿ. ಸತ್ತ ಹುಡುಗಿಯೊಬ್ಬಳನ್ನು ಬದುಕಿಸಿಕೊಳ್ಳಲು ತರುಣನೊಬ್ಬ 16 ದೈತ್ಯಜೀವಿಗಳನ್ನು ಕೊಲ್ಲಬೇಕು. ಅದು ಬಿಟ್ಟರೆ ಆ ವಿಶಾಲ ನಾಡಿನಲ್ಲಿ ಊರಿಲ್ಲ, ಅಂಗಡಿಯಿಲ್ಲ, ಚಿಲ್ಲರೆ ಶತ್ರುಗಳಿಲ್ಲ. ಬಿಸಿಲಿಗೆ ಕತ್ತಿ ಎತ್ತಿ ಹಿಡಿದರೆ ಅದರ ಹೊಳಪು ಒಂದುಗೂಡಿದ ಕಡೆಗೆ ಕುದುರೆ ಓಡಿಸಬೇಕು, ಅಷ್ಟೇ. ಮರಳುಗಾಡಿನಲ್ಲಿ ಸಿಗುವ ಹದಿಮೂರನೆಯ ಜೀವಿ ಆಕಾಶದಲ್ಲಿ ಈಜುವ ಮಹಾಸರ್ಪ. ಅದು ನಮಗೆ ಏನೂ ಮಾಡುವುದಿಲ್ಲ, ಕೆಣಕಿದರೂ ತಿರುಗಿಬೀಳುವುದಿಲ್ಲ. ಅದರ ಹೊಟ್ಟೆಯ ಗಾಳಿಚೀಲಗಳಿಗೆ ಬಾಣ ಬಿಟ್ಟು, ಅದು ಕೆಳಗಿಳಿದು ರೆಕ್ಕೆಗಳಿಂದ ಮರಳನ್ನು ಸವರುತ್ತ ಸಾಗುವಾಗ, ಪಕ್ಕದಲ್ಲೇ ಕುದುರೆಯನ್ನು ನಾಗಾಲೋಟದಲ್ಲಿ ಓಡಿಸಿ ರೆಕ್ಕೆಗೆ ಹಾರಿ ಹಿಡಿಯಬೇಕು. ಇಷ್ಟು ಅದ್ಭುತವಾದ ಸಾಹಸವನ್ನು ಮಾಡಿಸಿ, ಕೊನೆಯಲ್ಲಿ ಗೆಲುವಿನ ಕಹಳೆಯ ಬದಲು ಶೋಕದ ಸಂಗೀತವನ್ನು ಕೇಳಿಸುತ್ತದೆ ಆಟ. ನೀನು ಮಾಡುತ್ತಿರುವುದು ತಪ್ಪು ಎಂದು ಯಾರೂ ಹೇಳುವುದಿಲ್ಲ. ಆದರೂ ಅಲ್ಲಿಂದ ಮುಂದೆ ನನಗೆ ಕತ್ತಿ ಎತ್ತುವುದೇ ಕಷ್ಟವಾಯಿತು.

2012ರ ಜರ್ನಿ ಕೂಡ ಇದೇ ಬಳಗದ್ದು. ಮರಳಿನ ಮೇಲೆ ಜಾರುತ್ತ ಪರ್ವತದತ್ತ ಸಾಗುವಾಗ ಜಗತ್ತಿನ ಯಾವುದೋ ಮೂಲೆಯ ಅಪರಿಚಿತ ಆಟಗಾರನೊಬ್ಬ ಜೊತೆಯಾಗುತ್ತಾನೆ. ಮಾತಿಲ್ಲ, ಬರಹವಿಲ್ಲ, ಒಂದು ಸ್ವರದ ಕೂಗಷ್ಟೇ. ಅವನ ಹೆಸರು ಕಾಣುವುದು ಆಟವೆಲ್ಲ ಮುಗಿದ ಮೇಲೆ.

ನಮ್ಮ ದೇಶದ ಆಟಗಳಲ್ಲಿ ಈ ಪಟ್ಟಿಗೆ ಸೇರಿರುವುದು ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡ 2020ರಲ್ಲಿ ತಂದ ರಾಜಿ. ಅಸುರರು ಹೊತ್ತೊಯ್ದ ತಮ್ಮ ಗೋಲುವನ್ನು ಹುಡುಕುತ್ತ ಹೊರಟ ಅಕ್ಕನ ಕಥೆ ಅದು, ದುರ್ಗೆ ಮತ್ತು ವಿಷ್ಣು ಅದನ್ನು ನಿರೂಪಿಸುತ್ತಾರೆ. ಕಾಳಗದ ಹಿಡಿತ ಕೆಲವೆಡೆ ಸಡಿಲವಾಗಿದೆ, ಮುಕ್ತಾಯ ಅವಸರದ್ದು. ಆದರೆ ಕಥೆಯ ಭಾಗಗಳು ತೊಗಲುಗೊಂಬೆಯಾಟದ ರೀತಿಯಲ್ಲಿ ಪರದೆಯ ಮೇಲೆ ತೆರೆದುಕೊಂಡಾಗ ನನಗೆ ಮೈ ಜುಮ್ಮೆಂದಿತು. 2025ರಲ್ಲಿ ಪದ್ಮಶ್ರೀ ಪಡೆದ ತೊಗಲುಗೊಂಬೆಯಾಟದ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ನಮ್ಮದೇ ಜಿಲ್ಲೆಯ ಮೊರನಾಳದವರು. ದೀಪದ ಮುಂದೆ ಗೊಂಬೆಯ ತೋಳು ಎತ್ತಿದಾಗ ಪರದೆಯಾಚೆ ಕುಳಿತವರಿಗೆ ಭೀಮನೋ ದುರ್ಯೋಧನನೋ ಹೊಳೆಯುವ ಆ ಕಲೆ ನಮ್ಮ ಕಡೆ ಎಷ್ಟು ಹಳೆಯದು! ಅದನ್ನು ಬಲ್ಲವರೂ ಆಟ ಕಟ್ಟುವವರೂ ಒಂದೆಡೆ ಕೂತು ಕೆಲಸ ಮಾಡಿದರೆ ಏನಾದೀತೆಂದು ನಾನು ಆಗಾಗ ಯೋಚಿಸುತ್ತೇನೆ.

ಇಷ್ಟೆಲ್ಲ ಹೇಳಿದ ಮೇಲೆ, ಓದಿಯೇ ಆಡಬೇಕಾದ ಆಟವೊಂದು ನನ್ನ ಮೆಚ್ಚಿನವುಗಳಲ್ಲಿ ಸೇರಿದೆ ಎಂಬುದನ್ನು ಮುಚ್ಚಿಡಲಾರೆ: 2019ರ ಔಟರ್ ವೈಲ್ಡ್ಸ್. ಪುಟ್ಟದೊಂದು ಸೌರಮಂಡಲದಲ್ಲಿ ನೌಕೆ ಹಾರಿಸುತ್ತ, ಅಳಿದುಹೋದ ಜನಾಂಗವೊಂದು ಗೋಡೆಗಳ ಮೇಲೆ ಸುರುಳಿ ಸುರುಳಿಯಾಗಿ ಬರೆದಿಟ್ಟದ್ದನ್ನು ಓದುತ್ತ ಹೋಗಬೇಕು. 22 ನಿಮಿಷಕ್ಕೆ ಸೂರ್ಯ ಸಿಡಿದು ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ. ಹೊಸ ಆಯುಧ ಸಿಗುವುದಿಲ್ಲ, ಬಲ ಹೆಚ್ಚುವುದಿಲ್ಲ. ಒಂದು ಸುತ್ತಿನಿಂದ ಇನ್ನೊಂದಕ್ಕೆ ನಾವು ಒಯ್ಯುವುದು ತಿಳಿದುಕೊಂಡದ್ದನ್ನು ಮಾತ್ರ. ಬಾಗಿಲು ಮೊದಲಿನಿಂದಲೂ ತೆರೆದೇ ಇತ್ತು, ಒಳಹೋಗುವ ಬಗೆ ನಮಗೆ ಗೊತ್ತಿರಲಿಲ್ಲ ಎಂಬ ಅನುಭವ ಅಲ್ಲಿ ಮತ್ತೆ ಮತ್ತೆ ಆಗುತ್ತದೆ. ಬರಹ ಎಷ್ಟೇ ಇದ್ದರೂ ಉತ್ತರವನ್ನು ಆಟ ಬಾಯಿಬಿಟ್ಟು ಹೇಳುವುದಿಲ್ಲ, ಆ ಕಾರಣಕ್ಕೇ ಇದೂ ಮಾರಿಯೋನ ಮೆಟ್ಟಿಲುಗಳ ವಂಶದ್ದು. ಇದರ ತೊಡಕು ಒಂದೇ: ರಹಸ್ಯ ತಿಳಿದ ಮೇಲೆ ಇನ್ನೊಮ್ಮೆ ಮೊದಲಿನಂತೆ ಆಡಲು ಬರುವುದಿಲ್ಲ. ಈಗ ನನ್ನ ಅಕ್ಕನ ಮಗ ಆಡುತ್ತಿದ್ದಾನೆ. ಇಂಗ್ಲಿಷ್ ಸಾಲುಗಳು ಅವನಿಗೆ ತೊಡಕಾದಲ್ಲಿ ಕನ್ನಡದಲ್ಲಿ ಹೇಳಿಕೊಡುತ್ತೇನೆ. ಕಣ್ಣು ತಪ್ಪಿಸಿದೊಡನೆ ಜಾಗ ಬದಲಿಸುವ ಚಂದ್ರನ ಮೇಲೆ ಇಳಿಯುವುದು ಹೇಗೆಂದು ತಿಳಿಯದೆ ಅವನು ಈ ವಾರವಿಡೀ ಪೇಚಾಡುತ್ತಿದ್ದಾನೆ, 'ಮಾಮಾ, ಒಂದ್ ಸ್ವಲ್ಪ ಹೇಳು' ಎಂದು ದುಂಬಾಲು ಬಿದ್ದಿದ್ದಾನೆ. ಅದೊಂದನ್ನು ಮಾತ್ರ ನಾನು ಹೇಳುವುದಿಲ್ಲ.