ಎರಡು ಪುಟದಾಗ ಅವ್ವ

ನಮ್ಮ ಬೆಟಗೇರಿಯ ಕ್ರೈಸ್ತ ಸಭೆಯಲ್ಲಿ ಯಾರಾದರೂ ತೀರಿಕೊಂಡರೆ, ಮಣ್ಣಿಗೆ ಒಯ್ಯುವ ಮೊದಲು ಚರ್ಚಿನಲ್ಲಿ ಅವರ ಜೀವನಚರಿತ್ರೆ ಓದುತ್ತಾರೆ. ಹುಟ್ಟು, ದೀಕ್ಷಾಸ್ನಾನ, ನಂಬಿಕೆ ಒಪ್ಪಿಸಿ ಸಭೆಗೆ ಸೇರುವ ದೃಢೀಕರಣ, ಮದುವೆ, ನೌಕರಿ, ಬಡ್ತಿ, ನಿವೃತ್ತಿ, ಸಭೆಯಲ್ಲಿ ಹಿಡಿದ ಹುದ್ದೆ, ಕೊನೆಗೆ ಮಕ್ಕಳು ಮೊಮ್ಮಕ್ಕಳ ಹೆಸರು. ಗಂಡಸರ ಚರಿತ್ರೆ ಓದುವಾಗ ಹಿಂದಿನ ಬೆಂಚಿನವರು ಗಡಿಯಾರ ನೋಡಿಕೊಳ್ಳುತ್ತಾರೆ. ಹೆಂಗಸರದು ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಮುಗಿದಿರುತ್ತದೆ. ನಮ್ಮ ಸಭೆ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನಿಂದ. ಆ ಮಿಷನ್ನಿಗೆ ಸೇರಬಯಸುವ ಯುವಕರು ಮೊದಲು ತಮ್ಮ ಜೀವನಚರಿತ್ರೆ ಬರೆದು ಒಪ್ಪಿಸಬೇಕಿತ್ತು. 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದವರು ಹಾಗೆ ಬರೆದುಕೊಟ್ಟೇ ಹಡಗು ಹತ್ತಿದವರು. ನಮ್ಮ ಈ ರೂಢಿಗೂ ಆ ಕಡೆಯ ನಂಟು ಇದ್ದೀತು ಅಂತ ನನ್ನ ಊಹೆ.

ಅವ್ವ ತೊಂಬತ್ತು ದಾಟಿ ಹೋದಳು. ಆ ಸಂಜೆ ಸಭೆಯ ಪಾದ್ರಿ ಅಯ್ಯನವರು ಪ್ರಾರ್ಥನೆ ಮುಗಿಸಿ ಎದ್ದವರು, “ಜೀವನಚರಿತ್ರೆ ನೀವ ಬರದು ಕೊಡ್ರಿ. ಎರಡು ಪುಟ ಸಾಕು. ಮುಂಜಾನೆ ಆರಾಧನೆಕ್ಕ ಬೇಕು” ಅಂದರು. ಪಡಸಾಲೆಯಲ್ಲಿ ಸಭೆಯ ಹೆಣ್ಣುಮಕ್ಕಳು ಹಾಡುತ್ತಿದ್ದರು. ಒಳಗೆ ಅಡುಗೆಮನೆಯಲ್ಲಿ ಅಕ್ಕ, ತಮ್ಮ, ನಾನು ನೆಲದ ಮೇಲೆ ಕೂತೆವು. ಹಾಳೆ ನನ್ನ ಕೈಯಲ್ಲಿ.

ತಾರೀಖುಗಳು ಒಂದು ಪ್ಯಾರಾದಲ್ಲಿ ಮುಗಿದವು. ಓದಿದ್ದು ಮಿಷನ್ ಸಾಲೆಯಲ್ಲಿ, ಮದುವೆಯಾದದ್ದು ಅದೇ ಸಾಲೆಯ ಮಾಸ್ತರರನ್ನು. ಮುಂದೆ ಏನು ಬರೆಯುವುದು? ನೌಕರಿ ಇಲ್ಲ, ಹುದ್ದೆ ಇಲ್ಲ. ಸ್ತ್ರೀಯರ ಸಂಘದಲ್ಲಿ ಖಜಾಂಚಿ ಆಗು ಅಂದಾಗ ಕೂಡ, “ರೊಕ್ಕದ ಲೆಕ್ಕ ನನಗ ಬ್ಯಾಡ್ರೆವ್ವಾ” ಅಂತ ಕೈ ಮುಗಿದಿದ್ದಳು. ಹಾಗಂತ ಲೆಕ್ಕ ಬಾರದವಳಲ್ಲ. ಅಪ್ಪನ ಪಗಾರ ಇಪ್ಪತ್ತನೇ ತಾರೀಖಿಗೇ ತೀರುತ್ತಿದ್ದ ಕಾಲದಲ್ಲಿ ನೇಕಾರರ ಮನೆಗಳಿಗೆ ಮಗ್ಗದ ನೂಲಿನ ಕಂಡಿಕೆ ಸುತ್ತಿಕೊಟ್ಟು ಉಳಿದ ಹತ್ತು ದಿನ ದಾಟಿಸುತ್ತಿದ್ದವಳು ಅವಳೇ.

ತಮ್ಮನಿಗೆ ಇತಿಹಾಸ ಬೇಕಿತ್ತು. 1939ರಲ್ಲಿ ಯುದ್ಧ ಸುರುವಾಗಿ ಸರಕಾರ ಜರ್ಮನ್ ಮಿಷನರಿಗಳನ್ನು ಹಿಡಿದು ಶಿಬಿರದಲ್ಲಿಟ್ಟಾಗ ಅವ್ವ ಸಣ್ಣ ಹುಡುಗಿ. ಹಿರಿಯರು ಪಿಸುಪಿಸು ಮಾತಾಡಿದ್ದು ಅವಳಿಗೆ ನೆನಪಿತ್ತು. 1947ರಲ್ಲಿ ಹಲವು ಪ್ರಾಟೆಸ್ಟಂಟ್ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಹುಟ್ಟಿದಾಗ ನಮ್ಮ ಮುಂಬಯಿ ಕರ್ನಾಟಕದ ಬಾಸೆಲ್ ಸಭೆಗಳು ಕೂಡಲಿಲ್ಲ, ಕೂಡಿದ್ದು 1968ರಲ್ಲಿ. ಆಮೇಲೂ ಅವ್ವ ಕೇಳಿದವರಿಗೆಲ್ಲ “ನಾವು ಬಾಸೆಲ್ ಮಿಷನ್ನಿನೋರು” ಅಂತಲೇ ಹೇಳುತ್ತಿದ್ದಳು. “ಇದನ್ನೆಲ್ಲ ಬರಿ” ಅಂದ ತಮ್ಮ.

“ಅದು ಜರ್ಮನ್ನರ ಸುದ್ದಿ, ಇಲ್ಲಾ ಬಿಷಪ್ಪರ ಸುದ್ದಿ. ಅವ್ವನ ಸುದ್ದಿ ಎಲ್ಲೈತಿ ಅದ್ರಾಗ?” ಅಂದಳು ಅಕ್ಕ.

ಅಕ್ಕನ ಮಾತು ಸರಿಯಿತ್ತು. ಆದರೆ ಅವಳು ಕೊಟ್ಟ ಪಟ್ಟಿ ನೋಡಿದರೆ ಅದೂ ಕಷ್ಟ: ನಸುಕಿನ ಐದಕ್ಕೆ ರೊಟ್ಟಿ ಬಡಿಯುವ ಸಪ್ಪಳ, ಪ್ರತಿ ಹೊತ್ತು ಅಡುಗೆಗೆ ಮೊದಲು ಸಭೆಗೆಂದು ಬೇರೆ ಡಬ್ಬಿಗೆ ಹಾಕುತ್ತಿದ್ದ ಮುಷ್ಟಿ ಜೋಳ, ಕ್ರಿಸ್ಮಸ್ಸಿಗೆ ಓಣಿಯ ಎಲ್ಲ ಮನೆಗೂ ಹೋಗುತ್ತಿದ್ದ ಕರ್ಚಿಕಾಯಿ-ಚಕ್ಕುಲಿ ತಾಟು. ಸುಗ್ಗಿ ಹಬ್ಬಕ್ಕೆ ಹಿತ್ತಲ ಕುಂಬಳಕಾಯಿ ಕಾಣಿಕೆ ಕೊಟ್ಟು, ಹರಾಜಿನ ಸವಾಲಿನಲ್ಲಿ ಅಪ್ಪ ಅದನ್ನೇ ಸಂತೆಯ ದರದ ಎರಡರಷ್ಟು ಕೂಗಿ ಮನೆಗೆ ತಂದಾಗ ಎರಡು ದಿನ ಮಾತು ಬಿಟ್ಟದ್ದನ್ನೂ ಬರಿ ಅಂದಳು. ನಗು ಬಂತು. ಪಡಸಾಲೆಯವರಿಗೆ ಕೇಳಿಸೀತು ಅಂತ ಅಕ್ಕ ಸೆರಗು ಬಾಯಿಗಿಟ್ಟುಕೊಂಡಳು.

ಆಗ ಜಂತಿಯ ಸಂದಿಗೆ ಕೈ ಹೋಯಿತು. ಅವ್ವ ಕ್ರೈಸ್ತ ನಂಬಿಕೆ ಕಲಿಸುವ ಪ್ರಶ್ನೋತ್ತರದ ಪುಸ್ತಕ ಇಡುತ್ತಿದ್ದದ್ದು ಅಲ್ಲಿ, ಖಾರಪುಡಿ ಡಬ್ಬಿಯ ಹಿಂದೆ. ಬಾಸೆಲ್ ಮಿಷನ್ ಪೂರಾ ಲೂಥರನ್, ಅಂದರೆ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರನ ಹಾದಿಯದು, ಅಲ್ಲ. ಲೂಥರನ್, ಕ್ಯಾಲ್ವಿನ್ ಹಾದಿಯ ರಿಫಾರ್ಮ್ಡ್ ಎರಡೂ ಕಡೆಯವರು ಕೂಡಿ ನಡೆಸಿದ್ದು. ಅವ್ವನ ತವರಲ್ಲಿ ಮಾತ್ರ ಲೂಥರನೇ. 1529ರಲ್ಲಿ ಆತ ಬರೆದ ಚಿಕ್ಕ ಪ್ರಶ್ನೋತ್ತರದಲ್ಲಿ ಪ್ರತಿ ಭಾಗದ ತಲೆಯಲ್ಲೂ, ಇದನ್ನು ಮನೆಯ ಯಜಮಾನ ಮನೆಮಂದಿಗೆ ಸರಳವಾಗಿ ಕಲಿಸಬೇಕು ಅನ್ನುವ ಅರ್ಥದ ಸಾಲಿದೆ. ನಮ್ಮ ಮನೆಯ ಯಜಮಾನರು, ಅಪ್ಪ, ಆ ಹೊತ್ತಿಗೆ ಟ್ಯೂಷನ್ ಹೇಳುತ್ತಿದ್ದರು. ಕಲಿಸಿದ್ದು ಅವ್ವ, ಒಲೆಯ ಮುಂದೆ. “ಇದರ ಅರ್ಥವೇನು?” ಅಂತ ಅವಳು ಕೇಳಬೇಕು, ನಾವು ಒಪ್ಪಿಸಬೇಕು. ತಪ್ಪಿದವನ ರೊಟ್ಟಿಗೆ ಬೆಣ್ಣೆ ಇಲ್ಲ.

ಕರ್ತನ ಪ್ರಾರ್ಥನೆಯ ದಿನದಿನದ ಆಹಾರದ ಮಾತಿಗೆ ಲೂಥರನ ವಿವರಣೆ ಉದ್ದದ್ದು: ಅನ್ನಪಾನ, ಬಟ್ಟೆ, ಪಾದರಕ್ಷೆ, ಮನೆ, ಹೊಲ, ದನ, ಹಣ, ಒಳ್ಳೆಯ ಸರಕಾರ, ಒಳ್ಳೆಯ ಹವೆ, ಆರೋಗ್ಯ, ಗೆಳೆಯರು, ನಂಬಿಗಸ್ತ ನೆರೆಯವರು. ಇಷ್ಟು ಒಪ್ಪಿಸಿದ ಮೇಲೆ ಅವ್ವ ತನ್ನದೊಂದು ಸೇರಿಸುತ್ತಿದ್ದಳು: “ನಳದ ನೀರು.” ಗದಗ-ಬೆಟಗೇರಿಯಲ್ಲಿ ಹದಿನೈದು ಇಪ್ಪತ್ತು ದಿನಕ್ಕೊಮ್ಮೆ ನೀರು ಬಿಡುವುದನ್ನು ಕಂಡವರು ಇದಕ್ಕೆ ನಗಲಾರರು. ದೃಢೀಕರಣದ ಪರೀಕ್ಷೆಯಲ್ಲಿ ತಮ್ಮ ಅಯ್ಯನವರ ಮುಂದೆಯೂ ನಳದ ನೀರು ಅಂದುಬಿಟ್ಟಿದ್ದ. ಅವರು ತಲೆಯಾಡಿಸಿ ಪಾಸು ಮಾಡಿದರು.

ಲೂಥರ್ 1522ರಲ್ಲಿ ಮದುವೆಯ ಬಗ್ಗೆ ಬರೆಯುತ್ತ, ಅಪ್ಪನಾದವನು ನಂಬಿಕೆಯಿಂದ ಕೂಸಿನ ಬಟ್ಟೆ ಒಗೆದರೆ ದೇವರೂ ದೂತರೂ ಸಂತೋಷದಿಂದ ನಗುತ್ತಾರೆ ಅಂದಿದ್ದಾನೆ. ನಾನು ದೊಡ್ಡವನಾದ ಮೇಲೆ ಇದನ್ನು ಓದಿ ಅವ್ವನಿಗೆ ಹೇಳಿದಾಗ ಅವಳು ಅಕ್ಕಿ ಆರಿಸುತ್ತಿದ್ದಳು. “ನಿಮ್ಮಪ್ಪಗ ಯಾರೂ ಹೇಳಲಿಲ್ಲ ನೋಡು ಇದನ್ನ” ಅಂದಳು. ಮನೆಗೆಲಸ ದೇವರ ಸೇವೆ ಅನ್ನುವ ಮಾತನ್ನು ಹೆಚ್ಚಾಗಿ ಹೇಳುವವರು ಆ ಕೆಲಸ ಮಾಡದವರು. ಅವ್ವ ಒಮ್ಮೆಯೂ ಹೇಳಿದ್ದು ನಾನು ಕೇಳಿಲ್ಲ. ಸೊಂಟ ನೋಯುತ್ತದೆ ಅಂತ ಹೇಳಿದ್ದು ಕೇಳಿದ್ದೇನೆ.

ಕೊನೆಗೆ ತಾರೀಖು ಅರ್ಧ ಪುಟಕ್ಕೆ ಇಳಿಸಿದೆ. ತಮ್ಮನ ಸಮಾಧಾನಕ್ಕೆ 1968 ಒಂದು ಸಾಲು. ಉಳಿದದ್ದು ಮುಷ್ಟಿ ಜೋಳ, ಕಂಡಿಕೆ, ಪ್ರಶ್ನೋತ್ತರ, ನಳದ ನೀರು. ಕುಂಬಳಕಾಯಿಯನ್ನು ಅಕ್ಕ ತಾನೇ ಬೇಡ ಅಂದಳು, ಅಪ್ಪನ ಮರ್ಯಾದೆಯ ಪ್ರಶ್ನೆ.

ಮುಂಜಾನೆ ಅಯ್ಯನವರು ಓದಿದರು. ನೀರಿನ ಮಾತು ಬಂದಾಗ ಹೆಂಗಸರ ಕಡೆಯಿಂದ ಒಂದು ದನಿ ಎದ್ದಿತು. ಬಾಜೂ ಮನೆಯ ಆಯಿ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಚರ್ಚಿನ ಕಟ್ಟಳೆ ಏನೆಂದು ಅವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ಸುಮ್ಮನಿರುವವರಲ್ಲ.

“ಯಪ್ಪಾ, ಸ್ವಲ್ಪ ತಡೀರಿ. ನನ್ನ ಮಗಳ ಬಾಣಂತನದಾಗ ನಮ್ಮ ಮನ್ಯಾಗ ಹನಿ ನೀರಿರಲಿಲ್ಲ. ಈಕಿ ತನ್ನ ಮನಿ ಹಂಡೇನ ಬರಿದು ಮಾಡಿ ಕೊಟ್ಟು, ತನ್ನ ಮಕ್ಕಳನ್ನ ಬಾವಿಗೆ ಅಟ್ಟಿದಳು. ಅದನ್ನ ಬರದಿಲ್ಲೇನ್ರಿ?”

ಅಯ್ಯನವರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ಬಾವಿಗೆ ಹೋದವರಲ್ಲಿ ನಾನೂ ಒಬ್ಬ. ಕೊಡ ಯಾರಿಗೆಂದು ಅವತ್ತು ಅವ್ವ ಹೇಳಿರಲಿಲ್ಲ. ನಾನು ತಲೆಯಾಡಿಸಿದೆ. ಅಯ್ಯನವರು ಕಾಗದ ಮಡಚಿ ಬೈಬಲಿನೊಳಗಿಟ್ಟು, “ನೀವ ಹೇಳ್ರಿ ಆಯಿ, ಎದ್ದು ನಿಂತು ಎಲ್ಲಾರಿಗೂ ಕೇಳೂಹಂಗ ಹೇಳ್ರಿ” ಅಂದರು. ಆಯಿ ಎದ್ದರು. ಅವರ ಹಿಂದೆ ನೇಕಾರ ಓಣಿಯ ಇನ್ನಿಬ್ಬರು ತಮ್ಮದೂ ಒಂದು ಹೇಳುವುದಿದೆ ಅಂತ ಆಗಲೇ ಎದ್ದು ನಿಂತಿದ್ದರು.