ಮೂರರ ಕಾರ್ಡಾಟ: ರತ್ನದ ಜಗಳ ಬಗೆಹರಿಯಿತು

ಮೂರು ಮೂರರ ಗುಂಪು ಕೂಡಿಸುವ ಕಾರ್ಡಾಟವೊಂದನ್ನು ನಾನೇ ಮಾಡಿದ್ದೆ. ಅದರಲ್ಲಿ ‘ರತ್ನತ್ರಯ’ ಎಂಬ ಹೆಸರು ಯಾವ ಗುಂಪಿನದು ಎಂದು ಮನೆಯಲ್ಲಿ ಎದ್ದಿದ್ದ ಜಗಳ ಅಂತೂ ಬಗೆಹರಿಯಿತು. ಮನೆಯವರು ಯಾರೂ ಮಧ್ಯದಲ್ಲಿ ಎದ್ದುಹೋಗದೆ ಒಂದು ಪೂರ್ತಿ ಆಟ ಮುಗಿಸಿದರು. ನನ್ನ ಮಟ್ಟಿಗೆ ಇದು ಹಬ್ಬ.

ಕಾರ್ಡಿನ ಅಳತೆ, ಲ್ಯಾಮಿನೇಷನ್, ಮೂಲೆ ಕತ್ತರಿಸೋದು ಎಲ್ಲ ಇಲ್ಲಿ ಬೇಡ, ಬಿಡಿ. ಆಟ ಹೆಚ್ಚುಕಮ್ಮಿ ರಮ್ಮಿಯಂತೆ. ವಾತ, ಪಿತ್ತ, ಕಫ ಕೈಗೆ ಬಂದರೆ ಕೆಳಗಿಟ್ಟು ‘ತ್ರಿದೋಷ’ ಎಂದು ಕೂಗಬೇಕು. ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ ಬಂದರೆ ‘ತ್ರಿಫಲ’. ಶುಂಠಿ, ಹಿಪ್ಪಲಿ, ಕಾಳುಮೆಣಸು ಬಂದರೆ ‘ತ್ರಿಕಟು’. ಒಂದು ಆಟದಲ್ಲಿ ಒಂದು ಹೆಸರನ್ನು ಒಂದೇ ಸಲ ಕೂಗಬಹುದು. ಇಷ್ಟೇ ನಿಯಮ ಇತ್ತು.

ಎಡವಟ್ಟಾಗಿದ್ದು ಪಂಪ, ಪೊನ್ನ, ರನ್ನರಿಂದ. ಅತ್ತೆ ಮೂವರನ್ನೂ ಟೇಬಲ್ ಮೇಲೆ ಸಾಲಾಗಿ ಇಟ್ಟು ‘ರತ್ನತ್ರಯ!’ ಎಂದರು. ಭಾವಮೈದುನ ಹೌಹಾರಿದ. ಅವನ ಕೈಯಲ್ಲಿ ಸಮ್ಯಗ್ದರ್ಶನ, ಸಮ್ಯಗ್ಜ್ಞಾನ ಎರಡೂ ಇದ್ದವು. ಸಮ್ಯಕ್ಚಾರಿತ್ರಕ್ಕೆ ಕಾಯುತ್ತಿದ್ದ.

“ಅಮ್ಮಾ, ಅದು ಜೈನರ ರತ್ನತ್ರಯ. ನನ್ನ ಗುಂಪಿನ ಹೆಸರು ನೀನು ಕೂಗಿಬಿಟ್ಟೆ.”

“ಕವಿಗಳೂ ಜೈನರೇ ಅಲ್ವೇನೋ?” ಎಂದರು ಅತ್ತೆ. ಅದಕ್ಕೆ ಏನು ಹೇಳ್ತೀರಿ?

ಮನುಷ್ಯರಾದರೆ ‘ರು’ ಸೇರಿಸಿ, ರತ್ನತ್ರಯರು ಅನ್ನಿ ಎಂದೆ. ಕವಿಗಳ ಗಲಾಟೆ ನಿಂತಿತು. ಆಮೇಲೆ ಮಗಳು ಬುದ್ಧ, ಧರ್ಮ, ಸಂಘ ಇಟ್ಟಳು. ಬೌದ್ಧರದ್ದು ‘ತ್ರಿರತ್ನ’, ಜೈನರದ್ದು ‘ರತ್ನತ್ರಯ’ ಎಂದು ಹಂಚಿಕೊಟ್ಟೆ. ಅದೂ ನಿಲ್ಲಲಿಲ್ಲ. ಎರಡೂ ಕಡೆ ಎರಡು ಹೆಸರೂ ನಡೆಯುತ್ತವೆ. ತ್ರಿಮೂರ್ತಿಗಳದ್ದೂ ಇದೇ ಕಥೆ. ಒಂದು ಕಡೆ ಬ್ರಹ್ಮ, ವಿಷ್ಣು, ಮಹೇಶ್ವರ. ಇನ್ನೊಂದು ಕಡೆ ಕರ್ನಾಟಕ ಸಂಗೀತದ ತ್ಯಾಗರಾಜರು, ಮುತ್ತುಸ್ವಾಮಿ ದೀಕ್ಷಿತರು, ಶ್ಯಾಮಾಶಾಸ್ತ್ರಿಗಳು. ಈ ಮೂವರೂ ತಿರುವಾರೂರಿನಲ್ಲೇ ಹುಟ್ಟಿದವರು, ಹಾಗಾಗಿ ಊರಿನ ಕಾರ್ಡು ಹಾಕಿ ಆಟ ಕಟ್ಟೋಣ ಎಂದೂ ಯೋಚಿಸಿದೆ. ಬೇಡ, ತಲೆನೋವು ಜಾಸ್ತಿ.

ದಾರಿ ತೋರಿಸಿದ್ದು ಪೇಪರು. ‘ಮೂವರು ಸರಗಳ್ಳರ ಬಂಧನ’ ಎಂದಿತ್ತು. ‘ಸರಗಳ್ಳತ್ರಯ’ ಎಂದು ಯಾರೂ ಬರೆಯುವುದಿಲ್ಲ, ತಮಾಷೆಗೆ ಬಿಟ್ಟರೆ. ಮೂವರು ಅನ್ನಿಸಿಕೊಳ್ಳಲು ಯಾವ ಯೋಗ್ಯತೆಯೂ ಬೇಡ, ಮನುಷ್ಯರಾಗಿದ್ದರೆ ಸಾಕು. ಹಸುವಾದರೆ ಮೂರು ಹಸು, ಮುಗೀತು. ತ್ರಯ ಹಾಗಲ್ಲ. ಆ ಪಟ್ಟಿಯನ್ನು ಹಿಂದಿನವರೇ ಕಟ್ಟಿ ಬೀಗ ಹಾಕಿದ್ದಾರೆ. ಆಚಾರ್ಯತ್ರಯರು ಅಂದರೆ ಶಂಕರ, ರಾಮಾನುಜ, ಮಧ್ವರೇ. ಒಬ್ಬರನ್ನು ತೆಗೆದು ಇನ್ನೊಬ್ಬರನ್ನು ಸೇರಿಸೋ ಹಾಗಿಲ್ಲ. ಇನ್ನು ತ್ರಿವಳಿ ಪೇಪರಿನವರ ಮುದ್ದಿನ ಪದ. ತ್ರಿವಳಿ ಮಕ್ಕಳು, ತ್ರಿವಳಿ ಕೊಲೆ, ತ್ರಿವಳಿ ತಲಾಖ್. ಹಳೆಯ ಕಾವ್ಯದಲ್ಲಿ ಅದೇ ತ್ರಿವಳಿ ಹೆಣ್ಣಿನ ಹೊಟ್ಟೆಯ ಮೇಲಿನ ಮೂರು ಮಡಿಕೆ. ಇದನ್ನು ಅತ್ತೆಗೆ ವಿವರಿಸುವ ಧೈರ್ಯ ಇಲ್ಲದೆ ಆ ಕಾರ್ಡನ್ನೇ ಕೈಬಿಟ್ಟೆ.

ಈಗಿನ ನಿಯಮ ಕೇಳಿ. ಒಂದೇ ಸಲ ಕೂಗಬೇಕು ಅನ್ನೋದು ರದ್ದು. ತ್ರಿ, ತ್ರಯ ಯಾವುದನ್ನು ಕೂಗಿದರೂ ಎದುರಿನವರು ‘ಯಾರದು?’ ಎಂದು ಕೇಳಬಹುದು. ‘ಜೈನರದು’, ‘ಬೌದ್ಧರದು’, ‘ಸಂಗೀತದ್ದು’ ಎಂದು ತಕ್ಷಣ ಹೇಳಿದರೆ 9 ಅಂಕ. ತಡವರಿಸಿದರೆ ಸೊನ್ನೆ. ಗುಂಪು ಕೂಡದೆ ಇದ್ದರೆ ಯಾವ ಮೂವರು ಮನುಷ್ಯರನ್ನಾದರೂ ಇಟ್ಟು ‘ಮೂವರು’ ಎಂದು 3 ಅಂಕ ತಗೊಳ್ಳಿ. ಪಂಪ, ಮಧ್ವ, ತ್ಯಾಗರಾಜ ಒಟ್ಟಿಗೆ ಕೂತರೂ ಅಡ್ಡಿಯಿಲ್ಲ.

ಅಂಕ ಮೂರು ಪಟ್ಟು ಮಾಡುವ ‘ಮುಮ್ಮಡಿ’ ಕಾರ್ಡೂ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಮೂರು ಪಟ್ಟು ಅಲ್ಲ, ಮೂರನೆಯವರು ಎಂದು ಭಾವಮೈದುನ ತಕರಾರು ತೆಗೆದ. ಎರಡಕ್ಕೂ ಅದೇ ಪದ ಕಣಯ್ಯಾ! ಅಂದಹಾಗೆ ಇಸ್ಪೀಟಿನಂಥ ಆಟಗಳ ಹುಚ್ಚು ಆ ದೊರೆಗಿದ್ದಷ್ಟು ನಮಗ್ಯಾರಿಗೂ ಇಲ್ಲ. ಕೈಯಲ್ಲಿ ಬಣ್ಣ ಬರೆದ ಹಳೇ ಕಾಲದ ಕಾರ್ಡಾಟವಾದ ಮೈಸೂರು ಗಂಜೀಫಾದಲ್ಲಿ ಹೊಸ ಹೊಸ ಆಟಗಳನ್ನೇ ಕಟ್ಟಿಸಿದವರು. ನನ್ನ ಮುಂದಿನ ಕೆಲಸ ಅದೇ: ದಶಾವತಾರ ಗಂಜೀಫಾ, ದುಂಡನೆಯ ಕಾರ್ಡು, ಅವತಾರಕ್ಕೆ 12ರಂತೆ ಒಟ್ಟು 120. ಕೈಯಲ್ಲೇ ಬಣ್ಣ ಹಾಕಬೇಕು. ಪ್ರೆಸ್ಸಿನವನ ಹಂಗು ಬೇಡ.

ಪ್ರೆಸ್ಸಿನವನ ಬಗ್ಗೆ ಹೇಳದಿದ್ದರೆ ನಿದ್ದೆ ಬರಲ್ಲ. ಅವನ ಹಳೇ ಸಾಫ್ಟ್‌ವೇರು ಒತ್ತಕ್ಷರ ಕೂಡಿಸುವುದಿಲ್ಲ. ತ್ರಿ ಅನ್ನೋದು ‘ತ್‌ರಿ’ ಎಂದು ಕೈಕಾಲು ಮುರಿದುಕೊಂಡು ಬಂತು. ಅರ್ಧ ಕಟ್ಟು ತ್ರಿಯಿಂದಲೇ ಶುರುವಾಗುವ ಆಟದಲ್ಲಿ! “ಫಾಂಟ್ ಪ್ರಾಬ್ಲಂ ಸಾರ್, ಕರ್ವ್ಸ್ ಮಾಡಿ ಕಳ್ಸಿ” (ಅಂದರೆ ಅಕ್ಷರವನ್ನು ಚಿತ್ರದ ಗೆರೆಯಾಗಿ ಬದಲಿಸಿ) ಅಂತ ದುಡ್ಡು ತಗೊಂಡ ಮೇಲೆ ಹೇಳಿದ. ನನಗೆ ಹಾಕಿದ್ದು ಸರಿಯಾಗಿ ಮೂರು ನಾಮ. ಸಾಲದ್ದಕ್ಕೆ ಖಾಲಿ ಕಾರ್ಡಿಗೂ ಅದೇ ರೇಟು.

ಖಾಲಿ ಕಾರ್ಡು ಯಾಕೆ ಅಂದ್ರೆ ಅದು ಗುಪ್ತಗಾಮಿನಿ, ತ್ರಿವೇಣಿ ಸಂಗಮದ ಜೋಕರ್. ಪ್ರಯಾಗದಲ್ಲಿ ಗಂಗೆ, ಯಮುನೆ ಕಾಣುತ್ತವೆ, ಸರಸ್ವತಿ ಕಾಣಲ್ಲ. ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ ಕಾಣುತ್ತವೆ, ಸುಜ್ಯೋತಿ ಕಾಣಲ್ಲ. ತಿರುಮಕೂಡಲಿನಲ್ಲಿ ಕಾವೇರಿ, ಕಪಿಲೆಯ ಜೊತೆ ಸ್ಫಟಿಕ ಸರೋವರ, ಅದೂ ಕಣ್ಣಿಗೆ ಬೀಳಲ್ಲ. ಎರಡು ನದಿ ಇಟ್ಟು ಮೂರನೆಯದಕ್ಕೆ ಖಾಲಿ ಕಾರ್ಡು ಇಟ್ಟರೆ ಗುಂಪು ಕೂಡಿತು. ಆದರೆ ಕಾಣದ ನದಿಯ ಹೆಸರು ಬಾಯಲ್ಲಿ ಬರಬೇಕು.

ಬಾಕಿ ಇರೋದು ತ್ರಿಶಂಕು. ಹೆಸರಲ್ಲಿ ತ್ರಿ ಇದೆ, ಇರೋನು ಒಬ್ಬನೇ. ಯಾವ ಗುಂಪಿಗೂ ಸೇರಲ್ಲ, ಕೈಯಲ್ಲಿ ಉಳಿದರೆ 9 ಅಂಕ ಖೋತಾ. ಅವನನ್ನು ಟೇಬಲ್ ಮಧ್ಯೆ ನೇತುಹಾಕಿ, ಆಟ ಮುಗಿಯುವ ತನಕ ಯಾರೂ ಮುಟ್ಟಬಾರದು ಅನ್ನೋದು ಮಗಳ ಸಲಹೆ. ಹಾಗೆ ನೇತುಹಾಕುವ ಹಕ್ಕು ವಿಶ್ವಾಮಿತ್ರನ ಕಾರ್ಡು ಇರುವವರಿಗೆ ಮಾತ್ರ ಅಂತ ಅತ್ತೆ ಪಟ್ಟು ಹಿಡಿದಿದ್ದಾರೆ. ಭಾನುವಾರ ಎರಡನ್ನೂ ಆಡಿ ನೋಡ್ತೇವೆ.