ಕೊರಗುವ ವ್ಯಾಂಪೈರ್

ಮುಂಬೈನ ಡೊಂಬಿವಲಿ ಲೋಕಲ್‌ನಲ್ಲಿ ಸೀಟು ಸಿಕ್ಕಾಗಲೆಲ್ಲ ಅಮೆರಿಕದ ಲೇಖಕಿ ಆನ್ ರೈಸ್ ಅವರನ್ನು ಓದುತ್ತಿದ್ದೇನೆ. 1976ರ 'ಇಂಟರ್‌ವ್ಯೂ ವಿತ್ ದಿ ವ್ಯಾಂಪೈರ್', ಅವರ ಮೊದಲ ಕಾದಂಬರಿ. ರಕ್ತ ಕುಡಿಯುವವನೇ ಇಲ್ಲಿ ಟೇಪ್ ರೆಕಾರ್ಡರ್ ಮುಂದೆ ಕೂತು ತನ್ನ ಕಥೆ ಹೇಳುತ್ತಾನೆ. ಕೊಂದಿದ್ದಕ್ಕಿಂತ ಕೊರಗಿದ್ದೇ ಜಾಸ್ತಿ! ಪ್ರೀತಿಯೂ ಇದೆ, ಆದರೆ ಜೊತೆಗಿರಲೂ ಆಗದ, ಬಿಟ್ಟು ಹೋಗಲೂ ಆಗದ ಬಗೆಯದ್ದು. ನ್ಯೂ ಆರ್ಲಿಯನ್ಸ್ ರೈಸ್ ಹುಟ್ಟಿದ ಊರು. ಅದರ ವರ್ಣನೆ ಬಂದರೆ ಅವರ ಪೆನ್ನು ನಿಲ್ಲುವುದೇ ಇಲ್ಲ. ನನಗೆ ಸ್ವಲ್ಪ ಅತಿ ಅನ್ನಿಸಿತು.

ಆದರೆ ಕ್ಲೌಡಿಯಾ ಬಂದ ಮೇಲೆ ಪುಸ್ತಕ ಕೆಳಗಿಡಲು ಆಗಲಿಲ್ಲ. ಐದು ವರ್ಷಕ್ಕೇ ವ್ಯಾಂಪೈರ್ ಆದ ಹುಡುಗಿ. ಮನಸ್ಸು ಬೆಳೆಯುತ್ತದೆ, ಮೈ ಮಾತ್ರ ಹಾಗೇ ಇರುತ್ತದೆ. ರೈಸ್ ಅವರ ಮಗಳು ಮಿಶೆಲ್ 1972ರಲ್ಲಿ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು, ಆರು ತುಂಬುವ ಮೊದಲೇ. ಕಾದಂಬರಿ ಬರೆದದ್ದು ಅದರ ನಂತರ. ಇದು ಗೊತ್ತಾದ ಮೇಲೆ ಆ ಪುಟಗಳನ್ನು ಸುಮ್ನೆ ದೆವ್ವದ ಕಥೆ ಅಂತ ಓದೋಕಾಗುತ್ತಾ?

'ರಾತ್ರಿ ಹೊತ್ತು ಅದೆಂಥದೇ ಓದೋದು' ಅಂತ ಅಮ್ಮನ ಗೊಣಗಾಟ ಬೇರೆ.

ಮುಂದಿನದು 1985ರ 'ದಿ ವ್ಯಾಂಪೈರ್ ಲೆಸ್ಟಾಟ್'. ಮೊದಲ ಪುಸ್ತಕದಲ್ಲಿ ಬೈಸಿಕೊಂಡ ಲೆಸ್ಟಾಟ್‌ನೇ ಅಲ್ಲಿ ತನ್ನ ಪಾಲಿನ ಕಥೆ ಹೇಳುತ್ತಾನೆ. ಯಾರ ಹತ್ತಿರವಾದರೂ ಇದ್ದರೆ ಹೇಳಿ. ಮಾಟುಂಗಾವರೆಗೂ ಬಂದು ಇಸ್ಕೊಂಡು ಹೋಗುತ್ತೇನೆ.